ಒಂದು ಅಧ್ಯಯನ, ಮೂರು ಪ್ರಕಟಣೆ

ಪತ್ರಿಕಾ ಪ್ರಕಟಣೆಯ ಮೊದಲ ವಾಕ್ಯ ಬರೆಯುವುದಕ್ಕೆ ನನಗೆ ಎರಡು ನಿಮಿಷ ಸಾಕು. ಆ ಸೋಮವಾರ ಮಾತ್ರ ಬೆಳಗ್ಗೆ ಹನ್ನೊಂದರಿಂದ ಊಟದ ಡಬ್ಬಿ ತೆಗೆಯುವ ತನಕ ಒಂದೇ ವಾಕ್ಯವನ್ನು ಬರೆದು ಅಳಿಸುತ್ತ ಕೂತಿದ್ದೆ. ಎದುರಿಗಿದ್ದ ಸಂಶೋಧಕಿ ಪ್ರತಿಸಲವೂ ಕಂಪ್ಯೂಟರಿನತ್ತ ಬಗ್ಗಿ ನೋಡಿ, "ಮೇಡಂ, ಇದು ಅರ್ಧ ಸತ್ಯ ಆಯ್ತಲ್ವಾ?" ಅನ್ನುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು. ಅವಳು ಹೇಳುತ್ತಿದ್ದುದು ಸರಿಯಾಗಿತ್ತು, ಅದಕ್ಕೇ ಅಷ್ಟು ಉರಿ.

ನಾನು ಕೆಲಸಕ್ಕಿದ್ದುದು ಶಿವಮೊಗ್ಗದಲ್ಲಿ, ಮೊದಲು ಕಾಲೇಜಾಗಿದ್ದು ಆಮೇಲೆ ವಿಶ್ವವಿದ್ಯಾಲಯವೆಂದು ಬೋರ್ಡು ಬದಲಿಸಿಕೊಂಡ ಒಂದು ಸಂಸ್ಥೆಯ ಪ್ರಚಾರ ವಿಭಾಗದಲ್ಲಿ. ವಿಭಾಗ ಅಂದರೆ ನಾನೊಬ್ಬಳೇ. ವಿಚಾರ ಸಂಕಿರಣ, ರಕ್ತದಾನ ಶಿಬಿರ, ದತ್ತಿ ಉಪನ್ಯಾಸ. ಯಾರು ದೀಪ ಹಚ್ಚಿದರು, ಯಾರು ಅಧ್ಯಕ್ಷತೆ ವಹಿಸಿದರು, ಯಾರ ಹೆಸರು ಯಾರ ಹೆಸರಿಗಿಂತ ಮೊದಲು ಬರಬೇಕು, ಇದು ನನ್ನ ವಿದ್ಯೆ. ಒಬ್ಬರ ಹೆಸರು ಮೂರನೆಯದಾಗಿ ಬರುವ ಬದಲು ನಾಲ್ಕನೆಯದಾಗಿ ಬಂತೆಂದು ನನ್ನ ಮೇಲೆ ಲಿಖಿತ ದೂರು ಹೋದದ್ದೂ ಉಂಟು. ಸಂಶೋಧನೆಯ ಸುದ್ದಿ ಬರೆಯುವುದು ಅಪರೂಪವಾಗಿತ್ತು. ಆ ವರ್ಷ ಮೌಲ್ಯಮಾಪನ ಸಮಿತಿ ಬರುವುದಿತ್ತು. ಪ್ರತಿ ವಿಭಾಗದಿಂದ ಒಂದಾದರೂ ಸಮಾಜಮುಖಿ ಸಂಶೋಧನೆ ಪತ್ರಿಕೆಯಲ್ಲಿ ಬಂದಿರಬೇಕು, ಆ ಸುದ್ದಿಯನ್ನು ಕತ್ತರಿಸಿ ಕಡತಕ್ಕೆ ಅಂಟಿಸಬೇಕು ಎಂದು ಕುಲಸಚಿವರು ಸುತ್ತೋಲೆ ಹೊರಡಿಸಿದ್ದರು. ಹಾಗಾಗಿ ಈ ಹುಡುಗಿ ನಾಲ್ಕು ಪುಟದ ಸಾರಾಂಶ ಹಿಡಿದು ನನ್ನ ಮೇಜಿನ ಮುಂದೆ ಬಂದು ಕೂತಳು.

ಅವಳ ವಿಷಯ ಕೇಳಲಿಕ್ಕೆ ಸಣ್ಣದು. ಭದ್ರಾವತಿಯ ಕಾರ್ಖಾನೆ ಕಡೆಯ ಬೀದಿಗಳಿಂದ ದಿನಾ ಬೆಳಗ್ಗೆ ಶಿವಮೊಗ್ಗಕ್ಕೆ ಕೆಲಸಕ್ಕೆ ಬರುವ ಹೆಂಗಸರು: ವಿದ್ಯಾನಗರ, ರವೀಂದ್ರನಗರದ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಅಡುಗೆ ಮಾಡುವವರು, ನರ್ಸಿಂಗ್ ಹೋಮಿನ ಆಯಾಗಳು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಚ್ಚಿ ತೋರಿಸುವವರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ ಎಂದಾದ ಮೇಲೆ ಇವರ ದಿನ ಹೇಗೆ ಬದಲಾಯಿತು ಎಂಬುದು ಪ್ರಶ್ನೆ. ಪ್ರಶ್ನಾವಳಿ ಹಂಚಿ, ತುಂಬಿಸಿಕೊಂಡು, ಎಣಿಸಿ ಮುಗಿಸುವ ಪೈಕಿ ಅವಳಲ್ಲ. ಬೆಳಕು ಹರಿಯುವ ಮೊದಲೇ ಹೋಗಿ ಅವರ ಜೊತೆ ಸ್ಟಾಪಿನಲ್ಲಿ ನಿಲ್ಲುತ್ತಿದ್ದಳು. ಯಾರು ಎಷ್ಟು ಹೊತ್ತಿಗೆ ಬಂದರು, ಬಸ್ಸು ಎಷ್ಟು ಹೊತ್ತಿಗೆ ಬಂತು, ಸೀಟು ಸಿಕ್ಕಿತೋ ನಿಂತೇ ಬಂದರೋ, ಸಂಜೆ ಮನೆ ಬಾಗಿಲಿಗೆ ಮುಟ್ಟಿದ್ದೆಷ್ಟಕ್ಕೆ, ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದಿದ್ದಳು. ಆ ಪುಸ್ತಕದಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಅ, ಆ, ಇ, ಈ ಎಂದು ಅಕ್ಷರಗಳಷ್ಟೇ.

"ಹೆಸರು ಯಾಕೆ ಬರೆದಿಲ್ಲ ಮಾರಾಯ್ತಿ? ಹೆಸರಿದ್ರೆ ಪೇಪರ್‌ನೋರಿಗೆ ರುಚಿ" ಅಂದೆ.

"ಇಲ್ಲ ಮೇಡಂ. ಯಾರು ಹೇಳಿದ್ದು ಅಂತ ಯಾರಿಗೂ ಗೊತ್ತಾಗಲ್ಲ ಅಂತ ಮಾತು ಕೊಟ್ಟಿದೀನಿ. ಮೊದಲ ಹದಿನೈದು ದಿನ ಅವ್ರು ನನ್ನ ಹತ್ರ ಮಾತೇ ಆಡ್ತಿರಲಿಲ್ಲ. ಯಾವ ಪಾರ್ಟಿಯೋಳು ಅಂತ ಕೇಳ್ತಿದ್ರು. ಈಗ ನನಗೂ ಸೀಟು ಹಿಡಿದಿಡ್ತಾರೆ. ಮಳೆಗಾಲದ ಸುತ್ತು ಇನ್ನೂ ಬಾಕಿ ಇದೆ. ಅದಿಲ್ಲದೆ ನನ್ನ ಪ್ರಬಂಧ ಆಗೋದಿಲ್ಲ. ಈಗ ಅವ್ರು ಬಾಯಿ ಮುಚ್ಕೊಂಡ್ರೆ ಮುಗೀತು."

ಅವಳಿಗೆ ಸಿಕ್ಕ ಉತ್ತರ ಎರಡು ತುಂಡಿನದು. ಒಂದು, ಹಿಂದೆ ಭದ್ರಾವತಿ ದಾಟದಿದ್ದ ಹೆಂಗಸರು ಈಗ ಶಿವಮೊಗ್ಗದಲ್ಲಿ ಕೆಲಸ ಹಿಡಿದಿದ್ದಾರೆ, ಬಸ್ಸಿನಿಂದಾಗಿಯೇ. ಇನ್ನೊಂದು, ಆ ರಸ್ತೆಯಲ್ಲಿ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ, ಸರ್ಕಾರಿ ಬಸ್ಸಿಗೆ ಕಾಯಬೇಕು. ಕಣ್ಣೆದುರೇ ಖಾಲಿ ಬಸ್ಸುಗಳನ್ನು ಬಿಟ್ಟು ಬಿಟ್ಟು ಇವರು ನಿಲ್ಲುತ್ತಾರೆ. ಅದರಿಂದ ಅವರ ದಿನ ಎರಡು ತುದಿಯಲ್ಲೂ ಉದ್ದವಾಗಿದೆ, ಎಷ್ಟೋ ಮನೆಗಳಲ್ಲಿ ಮಕ್ಕಳು ಏಳುವ ಮೊದಲು ಅಮ್ಮ ಹೊರಟಾಗಿರುತ್ತದೆ. ಮೊದಲನೆಯದನ್ನು ಮೇಲೆ ಬರೆದರೆ ಅದು ಆಡಳಿತ ಪಕ್ಷದ ಸುದ್ದಿ. ಎರಡನೆಯದನ್ನು ಮೇಲೆ ಬರೆದರೆ ವಿರೋಧ ಪಕ್ಷದ ಸುದ್ದಿ. ಹುಡುಗಿಗೆ ಎರಡೂ ಒಂದೇ ಸುದ್ದಿ.

ಪತ್ರಿಕೆಯ ಡೆಸ್ಕಿನವರು ಜಾಗ ಸಾಲದೆ ಹೋದರೆ ಬಾಲದ ಕಡೆಯಿಂದ ಕತ್ತರಿಸುತ್ತಾರೆ. ಇದು ಗೊತ್ತಿದ್ದೇ ನಾನು ಕೊನೆಗೆ ಎರಡನ್ನೂ ಮೊದಲ ಪ್ಯಾರಾದಲ್ಲಿ ಒತ್ತೊತ್ತಾಗಿ ಕೂರಿಸಿದೆ. ಹುಡುಗಿ ಓದಿ ತಲೆಯಾಡಿಸಿದಳು. ಅವಳ ಮಾರ್ಗದರ್ಶಕರು ಫೋನಿನಲ್ಲೇ ಕೇಳಿಸಿಕೊಂಡು "ಆಗಬಹುದು" ಅಂದರು. ನಾನು ಪ್ರಿಂಟ್ ತೆಗೆದು ಕುಲಸಚಿವರ ಸಹಿಗೆ ಹೋದೆ, ಹುಡುಗಿ ಬಸ್ಸು ಹತ್ತಿ ಭದ್ರಾವತಿಗೆ ಹೊರಟಳು.

ಕುಲಸಚಿವರು ಕೆಟ್ಟವರಲ್ಲ. ಅವರ ಬಗ್ಗೆ ಬೇರೆಯವರು ಏನೇನೋ ಹೇಳಿದ್ದಾರೆ, ನಾನು ಹೇಳಲಾರೆ. ಅವರು ಪ್ರಕಟಣೆಯನ್ನು ಎರಡು ಸಲ ಓದಿ, ಪೆನ್ನಿನ ಕ್ಯಾಪು ತೆಗೆದರು.

"ಈ ಕಾಯೋ ಪುರಾಣ ಮೇಲೆ ಯಾಕ್ರಿ?" ಎಂದು ಆ ಸಾಲುಗಳಿಗೆ ಗೆರೆ ಸುತ್ತಿದರು.

"ಅದೂ ಅಧ್ಯಯನದ್ದೇ ಸಾರ್."

"ಇರಬಹುದು, ಕೊನೇಲಿ ಹಾಕಿ. ಹೊಸ ಕಟ್ಟಡದ ಫೈಲು ಹಿಡ್ಕೊಂಡು ಮುಂದಿನ ವಾರ ಬೆಂಗಳೂರಿಗೆ ಹೋಗೋನು ನಾನು, ನೀವಲ್ಲ. ಅಲ್ಲಿ ಕೂತಿರೋರ ಮುಖಕ್ಕೆ ಇದನ್ನ ಹಿಡೀಲಾ? ನಾನೇನು ಕಿತ್ತುಹಾಕಿ ಅಂದ್ನಾ? ಕೊನೇಲಿ ಹಾಕಿ ಅಂದೆ."

ಕೊನೆಯಲ್ಲಿ ಹಾಕಿದರೆ ಹೋಯಿತು ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ನಾನು "ಸರಿ ಸಾರ್" ಅಂದೆ. ಇಷ್ಟು ವರ್ಷದಲ್ಲಿ ಅದಕ್ಕಿಂತ ಬೇರೆ ಮಾತು ನನ್ನ ಬಾಯಿಂದ ಆ ಕೋಣೆಯಲ್ಲಿ ಬಂದ ನೆನಪಿಲ್ಲ. ವಾಪಸ್ ಬಂದು ಎರಡನೆಯ ತುಂಡನ್ನು ಐದನೇ ಪ್ಯಾರಾಕ್ಕೆ ಇಳಿಸಿದೆ.

ಆಮೇಲೆ ಫೋಟೊ. ನಿಜವಾದ ತಪ್ಪು ಇಲ್ಲಿಂದ ಶುರು, ಅದು ಪೂರ್ತಿ ನನ್ನದು. ಫೋಟೊ ಇಲ್ಲದ ಪ್ರಕಟಣೆ ಒಳಪುಟದ ಮೂಲೆಗೆ ಬೀಳುತ್ತದೆ, ಮೂಲೆಯ ಸುದ್ದಿ ಕಡತದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಐದು ಗಂಟೆಯೊಳಗೆ ವರದಿಗಾರರ ಗುಂಪಿಗೆ ಹಾಕಬೇಕು. ನಾಲ್ಕೂಕಾಲಿಗೆ ಹುಡುಗಿಗೆ ವಾಟ್ಸಾಪ್ ಮಾಡಿದೆ: ಬಸ್ ಸ್ಟಾಪಿನ ಫೋಟೊ ಇದ್ದರೆ ಕಳಿಸು. ಅವಳು ಎರಡು ಕಳಿಸಿದಳು. ಒಂದರಲ್ಲಿ ಬರೀ ಬೆನ್ನುಗಳು, ಬುಟ್ಟಿ, ಬ್ಯಾಗು. ಇನ್ನೊಂದನ್ನು ಕಳಿಸಿ ಕೂಡಲೇ ಅಳಿಸಿದಳು. ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಅದರಲ್ಲಿ ಮುಂದಿದ್ದ ಒಬ್ಬ ಹೆಂಗಸು ಹಿಂದಕ್ಕೆ ತಿರುಗಿ ಬಾಯ್ತುಂಬ ನಗುತ್ತಿದ್ದಳು. ಎಷ್ಟು ಒಳ್ಳೆಯ ಫೋಟೊ ಅಂದರೆ, ನೋಡಿದವರಿಗೂ ನಗು ಬರಬೇಕು.

"ಎರಡನೇದು ಕಳ್ಸು" ಎಂದು ಬರೆದೆ.

"ಮೇಡಂ, ಅದರಲ್ಲಿ ಅಕ್ಕನ ಮುಖ ಕಾಣ್ತಿದೆ. ಬೇಡ ಅನ್ಸುತ್ತೆ."

"ಬೆನ್ನು ನೋಡೋಕೆ ಯಾರೂ ಪೇಪರ್ ತಗೊಳಲ್ಲ. ಹೆಸರು ಹಾಕಲ್ವಲ್ಲ, ಏನೂ ಆಗಲ್ಲ. ಬೇಗ ಕಳ್ಸು."

ಹತ್ತು ನಿಮಿಷ ಸುಮ್ಮನಿದ್ದಳು. ನಾನು ಪ್ರಶ್ನಾರ್ಥಕ ಚಿಹ್ನೆ ಮೂರು ಒತ್ತಿದೆ. ಕಳಿಸಿದಳು.

ಮಂಗಳವಾರ ಬೆಳಗ್ಗೆ ಗೋಪಾಳದ ನಮ್ಮ ಮನೆಯ ಗೇಟಿನಲ್ಲಿ ಪೇಪರು ತೆಗೆದು ಅಲ್ಲೇ ನಿಂತು ಬಿಚ್ಚಿದೆ. ಜಿಲ್ಲಾ ಪುಟದ ತಲೆಯಲ್ಲೇ ಮೂರು ಕಾಲಂ: 'ಉಚಿತ ಬಸ್‌ನಿಂದ ಮಹಿಳೆಯರಿಗೆ ಉದ್ಯೋಗ: ವಿ.ವಿ. ಅಧ್ಯಯನ'. ಕೆಳಗೆ ಆ ನಗು. ಐದನೇ ಪ್ಯಾರಾ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಮೂರು ಕಾಲಂ ಅಂದರೆ ನಮ್ಮ ಸಂಸ್ಥೆಗೆ ಹಬ್ಬ. ಕುಲಸಚಿವರೇ ಫೋನು ಮಾಡಿ "ಭೇಷ್" ಅಂದರು.

ಹತ್ತೂವರೆಗೆ ಶುರುವಾಯಿತು. ಮೊದಲು ಫೋನುಗಳು, ಮಧ್ಯಾಹ್ನದ ಹೊತ್ತಿಗೆ ಮೊಬೈಲುಗಳಲ್ಲಿ ಅದರದೇ ಮಾತು. ವಿಶ್ವವಿದ್ಯಾಲಯ ಯಾರ ತುತ್ತೂರಿ ಎಂದು ಒಬ್ಬರು ಕೇಳಿದ್ದರು. ಯಾರೋ ಹುಡುಗಿಯ ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದಾಗ ಯಾವ ಯೂನಿಯನ್ನಿನಲ್ಲಿದ್ದ ಎಂದು ಹುಡುಕಿ ಹಾಕಿದರು. ಇನ್ಯಾರೋ ಅವಳ ಮಾರ್ಗದರ್ಶಕರು ಯಾವತ್ತೋ ಬರೆದ ಲೇಖನವೊಂದರ ಅರ್ಧ ಪುಟ ಹಾಕಿದರು. ಶುಕ್ರವಾರ ವಿರೋಧ ಪಕ್ಷದ ಯುವಕರ ತಂಡ ಮನವಿ ಪತ್ರ ಹಿಡಿದು ಬಂತು. ಅವರ ಮುಂದಾಳು ಸಮಾಧಾನದ ಮನುಷ್ಯನೇ. ಕುಲಸಚಿವರ ಎದುರು ಕೂತು ಕೇಳಿದ: "ಸಾರ್, ನಮ್ಮನೆ ಹೆಂಗಸ್ರೂ ಅದೇ ಸ್ಟಾಪಲ್ಲಿ ಒಂದೊಂದು ತಾಸು ನಿಲ್ತಾರೆ. ಅದು ನಿಮ್ಮ ಅಧ್ಯಯನದಲ್ಲಿ ಕಾಣಲೇ ಇಲ್ವಾ, ಕಂಡ್ರೂ ಬರೀಲಿಲ್ವಾ?"

ಅದಕ್ಕೆ ಉತ್ತರ ನನ್ನ ಕೈಯಲ್ಲಿದ್ದ ಕಡತದಲ್ಲೇ ಇತ್ತು, ಐದನೇ ಪ್ಯಾರಾ. ಕುಲಸಚಿವರು ನನ್ನ ಕಡೆ ತಿರುಗಿ, "ಪತ್ರಿಕೆಯೋರು ಕತ್ತರಿಸಿಬಿಟ್ಟಿದಾರೆ, ಅಲ್ವೇನ್ರಿ ಮೇಡಂ?" ಅಂದರು. ಹೌದು ಎಂದು ತಲೆಯಾಡಿಸಿದೆ. ಆ ಗಳಿಗೆಯಲ್ಲಿ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಎರಡನೆಯ ಪ್ರಕಟಣೆ ಅವತ್ತೇ ಹೊರಟಿತು. ಸ್ಪಷ್ಟೀಕರಣ ಎಂದು ತಲೆಬರಹ. ಈ ಸಲ ಕಾಯುವ ಮಾತು ಮೇಲೆ, ಉದ್ಯೋಗದ ಮಾತು ಕೆಳಗೆ. ನಾನು ಫೋಟೊ ಕಳಿಸಲಿಲ್ಲ. ಕಳಿಸದಿದ್ದರೇನು, ಡೆಸ್ಕಿನಲ್ಲಿ ಹಳೆಯದು ಇತ್ತಲ್ಲ. ಶನಿವಾರದ ಪತ್ರಿಕೆಯಲ್ಲಿ 'ಬಸ್ಸಿಗೆ ಕಾದು ಬಸವಳಿದ ಮಹಿಳೆಯರು: ವಿ.ವಿ. ಅಧ್ಯಯನ' ಎಂಬ ತಲೆಬರಹದ ಕೆಳಗೆ ಅದೇ ಹೆಂಗಸು ಅದೇ ನಗು ನಗುತ್ತಿದ್ದಳು. ಸೋಮವಾರ ಆಡಳಿತ ಪಕ್ಷದ ಹಿರಿಯರೊಬ್ಬರು ಫೋನು ಮಾಡಿ, ವಿಶ್ವವಿದ್ಯಾಲಯ ಇಷ್ಟು ಬೇಗ ಬಣ್ಣ ಬದಲಾಯಿಸುತ್ತೆ ಅಂದ್ಕೊಂಡಿರಲಿಲ್ಲ ಎಂದು ಕುಲಸಚಿವರಿಗೆ ಹೇಳಿದರಂತೆ. ಕಟ್ಟಡದ ಫೈಲಿನ ಭೇಟಿ ಮುಂದಕ್ಕೆ ಹೋಯಿತು.

ಬುಧವಾರ ಹುಡುಗಿ ಬಂದಳು. ಬಂದವಳು ಕುರ್ಚಿಯಲ್ಲಿ ಕೂರಲೂ ಇಲ್ಲ.

"ಮೇಡಂ, ಅಕ್ಕನ್ನ ಕೆಲಸದಿಂದ ಬಿಡಿಸಿದ್ರು."

ಯಾವ ಅಕ್ಕ ಎಂದು ಕೇಳುವ ಅಗತ್ಯ ಇರಲಿಲ್ಲ. ವಿದ್ಯಾನಗರದ ಒಂದು ಮನೆಯಲ್ಲಿ ಆಕೆ ಅಡುಗೆಗಿದ್ದಳು. ಮನೆಯ ಯಜಮಾನರು ಒಂದು ಪಕ್ಷದ ಪದಾಧಿಕಾರಿ. ಎರಡು ಸುದ್ದಿಯಲ್ಲಿ ಯಾವುದನ್ನು ನೋಡಿ ಅವರಿಗೆ ಸಿಟ್ಟು ಬಂತೋ ಹುಡುಗಿಗೆ ಗೊತ್ತಿರಲಿಲ್ಲ, ನನಗೂ ತಿಳಿದುಕೊಳ್ಳುವ ಆಸೆ ಆಗಲಿಲ್ಲ. ಪತ್ರಿಕೆ ಮುಂದೆ ಹಿಡಿದು, "ನಮ್ಮನೇಲಿ ಉಂಡು ಅವ್ರ ಪರ ಮಾತಾಡ್ತೀಯಾ? ನಾಳೆಯಿಂದ ಬರಬೇಡ" ಅಂದರಂತೆ. ತಾನು ಯಾರ ಪರವೂ ಮಾತಾಡಿಲ್ಲ, ಬಸ್ಸು ಬಂದ ಹೊತ್ತು ಹೇಳಿದೆ ಅಷ್ಟೇ ಎಂದು ಆಕೆ ಹೇಳಿದಳಂತೆ. ಯಾರೂ ಕೇಳಲಿಲ್ಲ.

"ನಾನು ಅವ್ರಿಗೆ ಏನಂತ ಮುಖ ತೋರಿಸ್ಲಿ ಮೇಡಂ? ನೋಟ್‌ಬುಕ್ಕಲ್ಲಿ ಹೆಸರು ಬರೀಲಿಲ್ಲ, ಮುಖಾನೇ ಕೊಟ್ಬಿಟ್ಟೆ."

"ಕೊಟ್ಟಿದ್ದು ನೀನಲ್ಲ, ಕೇಳಿದ್ದು ನಾನು" ಅಂದೆ. ಹೌದು ನೀವೇ ಎಂದು ಅವಳು ಬೈದಿದ್ದರೆ ಚೆನ್ನಾಗಿತ್ತು.

ಈ ಸುದ್ದಿ ಸಂಜೆಯ ಹೊತ್ತಿಗೆ ಮೇಲಿನವರಿಗೂ ಮುಟ್ಟಿತು. ಅಲ್ಲಿ ಯಾರಿಗೂ ಆ ಹೆಂಗಸಿನ ಚಿಂತೆ ಆಗಲಿಲ್ಲ. ಬದಲಿಗೆ ಒಂದು ದಾರಿ ಕಾಣಿಸಿತು. ಅಧ್ಯಯನ ಸರಿಯೆಂದರೆ ಒಂದು ಪಕ್ಷದವರು ಬರುತ್ತಾರೆ, ತಪ್ಪೆಂದರೆ ಇನ್ನೊಂದು ಪಕ್ಷದವರು. ಎರಡೂ ಹೇಳದೆ ಅದನ್ನು ನಿಲ್ಲಿಸಬಹುದಲ್ಲ? ಗುರುವಾರ ಕುಲಸಚಿವರು ನನ್ನನ್ನು ಕರೆದರು. ಮಾರ್ಗದರ್ಶಕರೂ ಅಲ್ಲಿದ್ದರು, ಕಿಟಕಿಯಾಚೆ ನೋಡುತ್ತ ಕೂತಿದ್ದರು.

"ಮೇಡಂ, ಫೋಟೊ ತೆಗೆದಿದ್ದು ಯಾರು? ಸಂಶೋಧಕಿ. ಆ ಹೆಂಗಸಿನ ಒಪ್ಪಿಗೆ ಪತ್ರ ಇದೆಯಾ? ಇಲ್ಲ. ಹಂಗಾದ್ರೆ ಇದು ನೈತಿಕತಾ ಸಮಿತಿಗೆ ಹೋಗಬೇಕಾದ ವಿಷಯ. ರಾಜಕೀಯದ ಮಾತೇ ಬರಲ್ಲ ಇದ್ರಲ್ಲಿ. ನಿಯಮ ಉಲ್ಲಂಘನೆ ಕಂಡುಬಂದ ಕಾರಣ ಅಧ್ಯಯನ ತಡೆಹಿಡಿದಿದೆ ಅಂತ ಒಂದು ಪ್ರಕಟಣೆ ಬರೆದಿಡಿ. ಸೋಮವಾರ ಸಮಿತಿ ಕೂರುತ್ತೆ, ಮುಗಿದ ಕೂಡ್ಲೆ ಕಳಿಸೋಣ."

"ತಡೆಹಿಡಿಯೋದು ಅಂದ್ರೆ ಎಷ್ಟು ದಿನ ಸಾರ್?"

"ಅದನ್ನ ಸಮಿತಿ ನೋಡುತ್ತೆ."

ಮಳೆಗಾಲ ಕಳೆದರೆ ಅವಳಿಗೆ ಇನ್ನೊಂದು ವರ್ಷ ಕಾಯಬೇಕು, ಅಷ್ಟರೊಳಗೆ ಅವಳ ನೋಂದಣಿಯ ಅವಧಿ ಮುಗಿಯುತ್ತದೆ. ಇದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತು. ಹೊರಗೆ ಬಂದ ಮೇಲೆ ಮಾರ್ಗದರ್ಶಕರನ್ನು ಕಾರಿಡಾರಿನಲ್ಲಿ ತಡೆದು, "ನೀವಾದ್ರೂ ಒಂದು ಮಾತು ಹೇಳಬಹುದಿತ್ತಲ್ಲ ಸಾರ್?" ಅಂದೆ. "ನಂದು ಎರಡು ವರ್ಷ ಸರ್ವಿಸ್ ಇದೆ ಮೇಡಂ" ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಯಾರ ಮೇಲೆ ಹಾರಾಡಲಿ? ಐದನೇ ಪ್ಯಾರಾದ ದಿನ ನಾನೂ ಇದನ್ನೇ ಮಾಡಿದ್ದೆ, ಸರ್ವಿಸ್ಸಿನ ಮಾತೆತ್ತದೆ.

ಮೂರನೆಯ ಪ್ರಕಟಣೆಯನ್ನು ಬರೆದೆ. ಸಲೀಸಾಗಿ ಬಂತು. 'ಸಂಶೋಧಕಿಯು ಭಾಗೀದಾರರ ಗೌಪ್ಯತೆಯನ್ನು ಕಾಪಾಡುವಲ್ಲಿ ವಿಫಲರಾಗಿರುವುದು ಮೇಲ್ನೋಟಕ್ಕೆ ಕಂಡುಬಂದಿದ್ದು' ಎಂದು ಬರೆಯುವಾಗ ಕೈ ಒಂದು ಸಲವೂ ತಡೆಯಲಿಲ್ಲ. ಬರೆದ ಮೇಲೆ ಓದಿದೆ. ಒಂದು ಅಕ್ಷರವೂ ಸುಳ್ಳಲ್ಲ ಅನ್ನುವ ಹಾಗಿತ್ತು.

ಮೊಬೈಲು ತೆಗೆದು ಆ ಸೋಮವಾರದ ನಮ್ಮ ಮಾತುಕತೆ ನೋಡಿದೆ. ಎಲ್ಲ ಅಲ್ಲೇ ಇತ್ತು. 'ಬೇಡ ಅನ್ಸುತ್ತೆ' ಅಂದದ್ದು, 'ಏನೂ ಆಗಲ್ಲ' ಅಂದದ್ದು, ಮೂರು ಪ್ರಶ್ನಾರ್ಥಕ ಚಿಹ್ನೆ. ಹುಡುಗಿ ಅದನ್ನು ಯಾರಿಗೂ ತೋರಿಸಿರಲಿಲ್ಲ. ಫೋನು ಮಾಡಿ, ಸಮಿತಿಗೆ ತೋರಿಸುತ್ತೀಯಾ ಎಂದು ಕೇಳಿದೆ. "ಕಳಿಸಿದ್ದು ನಾನೇ ಅಲ್ವಾ ಮೇಡಂ. ನಿಮ್ಮ ಹೆಸರು ಹೇಳಿ ತಪ್ಪಿಸ್ಕೊಂಡ್ರೆ ನಾನೂ ಅವ್ರ ಥರಾನೇ ಆಗ್ತೀನಿ" ಅಂದಳು. ಯಾರ ಥರ ಎಂದು ನಾನು ಕೇಳಲಿಲ್ಲ.

ಶುಕ್ರವಾರ, ಶನಿವಾರ ಎರಡು ದಿನ ಇದೇ ತಲೆಬಿಸಿ. ನಾನು ಕಾಯಂ ನೌಕರಳು. ನನ್ನನ್ನು ಹೆಚ್ಚೆಂದರೆ ಎತ್ತಂಗಡಿ ಮಾಡಬಹುದು, ಮೆಮೊ ಕೊಡಬಹುದು. ಅವಳನ್ನಾದರೆ ಒಂದು ಸಹಿಯಲ್ಲಿ ಇಲ್ಲ ಅನ್ನಿಸಬಹುದು. ಲೆಕ್ಕ ಇಷ್ಟು ಸರಳವಾಗಿದ್ದರೂ ಎರಡು ದಿನ ಬೇಕಾಯಿತು ಎಂಬುದನ್ನು ಬರೆದಿಡುತ್ತೇನೆ. ಆ ಮಾತುಕತೆಯನ್ನು ಅಳಿಸಿಹಾಕುವ ಯೋಚನೆಯೂ ಬಂದಿತ್ತು. ಭಾನುವಾರ ಸ್ನಾನ ಮುಗಿಸಿ ಕೂತು ಬರೆದೆ: ಫೋಟೊ ಆಯ್ಕೆ ಮಾಡಿದ್ದು ನಾನು, ಸಂಶೋಧಕಿ ಬೇಡವೆಂದರೂ ಒತ್ತಾಯಿಸಿದ್ದು ನಾನು, ಆ ಮಹಿಳೆಯ ಒಪ್ಪಿಗೆ ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಜೊತೆಗೆ, ಮೊದಲ ಪ್ರಕಟಣೆಯ ಮೂಲ ಪ್ರತಿಯನ್ನೂ ತಿದ್ದಿದ ಪ್ರತಿಯನ್ನೂ ಲಗತ್ತಿಸಿದೆ. ಕುಲಸಚಿವರ ಪೆನ್ನಿನ ಗುರುತು ಮೂಲ ಪ್ರತಿಯಲ್ಲಿತ್ತು, ಸಹಿ ತಿದ್ದಿದ ಪ್ರತಿಯಲ್ಲಿ. ಮೊಬೈಲಿನ ಮಾತುಕತೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿದೆ. ಅಂಗಡಿಯವನು ಎರಡು ಪ್ರತಿ ಸಾಕಾ ಅಂದ. ಐದು ಮಾಡಿಸಿ, ಸಮಿತಿಯ ಐವರಿಗೂ ನೇರವಾಗಿ ಕೊಟ್ಟೆ. ಕುಲಸಚಿವರ ಮೂಲಕ ಕಳಿಸಿದ್ದರೆ ಅದು ಬೀರುವಿನಲ್ಲೇ ಉಳಿಯುತ್ತಿತ್ತು.

ಸಮಿತಿ ಮುಕ್ಕಾಲು ತಾಸು ಕೂತಿತು. ಒಬ್ಬ ಸದಸ್ಯರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನೀವು ಯಾರ ಕಡೆಯೋರು ಅಂತ ಕೆಲವರು ಕೇಳ್ತಿದಾರೆ, ಗೊತ್ತಾ?" ಗೊತ್ತು ಅಂದೆ. ನಾನು ಮೂರು ಕಾಲಮ್ಮಿನ ಕಡೆಯವಳು ಎಂದು ಹೇಳಬೇಕು ಅನ್ನಿಸಿತು, ಅವರಿಗೆ ತಮಾಷೆಯಾಗಿ ಕೇಳಿಸೀತು ಎಂದು ಸುಮ್ಮನಾದೆ. ತಮಾಷೆ ಆಗಿರಲಿಲ್ಲ. ಕುಲಸಚಿವರಿಗೆ ಕಟ್ಟಡ ಆಗಬೇಕಿತ್ತು, ನನಗೆ ಕಡತದಲ್ಲಿ ಅಂಟಿಸಲು ದೊಡ್ಡ ಸುದ್ದಿ ಬೇಕಿತ್ತು. ಹೊರಗಿನವರು ಅದನ್ನು ಪಕ್ಷಪಾತ ಅಂದರು. ಅವರನ್ನು ಪೂರ್ತಿ ತಪ್ಪೆನ್ನಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ.

ಸಂಶೋಧಕಿಯ ಮೇಲೆ ಕ್ರಮ ಬೇಡ ಎಂದು ಸಮಿತಿ ಬರೆಯಿತು. ಪ್ರಚಾರ ಕೊಡಬಾರದು ಎಂಬ ಷರತ್ತಿನ ಮೇಲೆ ಮಳೆಗಾಲದ ಸುತ್ತಿಗೆ ಅನುಮತಿ ಸಿಕ್ಕಿತು. ನನ್ನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು, ಅಂಕಪಟ್ಟಿಯ ಹೆಸರು ತಿದ್ದುವ ಕೆಲಸಕ್ಕೆ. ನಾನು ಬರೆದ ಮೂರನೆಯ ಪ್ರಕಟಣೆ ಹೊರಡಲಿಲ್ಲ. ನನ್ನ ಜಾಗಕ್ಕೆ ಬಂದವರು ಬೇರೆಯೇ ಬರೆದರು: ಅಧ್ಯಯನದ ಅಭಿಪ್ರಾಯಗಳು ಸಂಶೋಧಕಿಯ ವೈಯಕ್ತಿಕ, ವಿಶ್ವವಿದ್ಯಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡೇ ಸಾಲು. ಯಾವ ಪತ್ರಿಕೆಯೂ ಹಾಕಲಿಲ್ಲ.

ಹುಡುಗಿ ಅನುಮತಿ ಪತ್ರ ಹಿಡಿದು ಪರೀಕ್ಷಾ ವಿಭಾಗಕ್ಕೆ ಬಂದಾಗ ನಾನು ಗೆದ್ದವಳ ಹಾಗೆ ನಕ್ಕೆ. ಅವಳೂ ನಕ್ಕಳು. ಮೊದಲ ದಿನ ನಾನೂ ಬರುತ್ತೇನೆ, ಆ ಅಕ್ಕನ ಹತ್ತಿರ ತಪ್ಪಾಯಿತು ಅನ್ನಬೇಕು ಎಂದೆ. "ಬೇಡ ಮೇಡಂ" ಅನ್ನಲು ಬಾಯಿ ತೆಗೆದು, "ಬನ್ನಿ" ಅಂದಳು.

ಜೂನಿನ ಒಂದು ಬೆಳಗ್ಗೆ, ಮೊದಲ ಬಸ್ಸು ಹಿಡಿದು ಭದ್ರಾವತಿಗೆ ಹೋದೆ. ಸಣ್ಣ ಮಳೆ ಹನಿಯುತ್ತಿತ್ತು. ಹುಡುಗಿ ಛತ್ರಿ ಹಿಡಿದು ಸ್ಟಾಪಿನ ಹತ್ತಿರ ಕಾದಿದ್ದಳು. ಎಂಟು ಹತ್ತು ಹೆಂಗಸರು ಆಗಲೇ ಬಂದಿದ್ದರು, ತಗಡಿನ ಕೆಳಗೆ ಒತ್ತಿಕೊಂಡು ನಿಂತಿದ್ದರು. ನಾವು ಹತ್ತಿರ ಹೋದ ಕೂಡಲೇ ಅವರ ಮಾತು ನಿಂತಿತು. ಫೋಟೊದಲ್ಲಿ ನಕ್ಕಿದ್ದವಳನ್ನು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಗದೆ ಇದ್ದಾಗ ಬೇರೆಯೇ ಮುಖ.

"ಅಮ್ಮಾ, ನಿಮ್ಮ ಫೋಟೊ ಪೇಪರ್‌ಗೆ ಹಾಕಿಸಿದ್ದು ನಾನು. ಇವಳು ಬೇಡ ಅಂದಿದ್ಲು. ನಂದೇ ತಪ್ಪು. ಕ್ಷಮಿಸಿ ಅಂತ ಕೇಳೋಕೆ ಬಂದೆ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮನೆಯಲ್ಲಿ ತಮಿಳು ಆಡುವವರ ಕನ್ನಡ ಆಕೆಯದು, ಮಾತಿನ ಕೊನೆ ಎಳೆಯುತ್ತಿತ್ತು. "ಆಯ್ತಮ್ಮಾ. ಬಿಡಮ್ಮಾ. ನನ್ ಕೆಲ್ಸ ಹೋದಾಗ ನೀ ಎಲ್ಲಿದ್ದೆ, ಈಗ ಬಂದ್ಬಿಟ್ಟೆ ಇಷ್ಟ್ ದೂರ?"

"ಈಗ ಎಲ್ಲಿ ಕೆಲಸ ಅಮ್ಮಾ?"

"ಅದೆಲ್ಲ ಯಾಕಮ್ಮಾ ನಿಂಗೆ?" ಅಂದು, ಸೆರಗನ್ನು ತಲೆಯ ಮೇಲೆ ಹೊದ್ದು ಆಚೆ ತಿರುಗಿದಳು.

ಹುಡುಗಿ ಮೆಲ್ಲಗೆ ಬ್ಯಾಗಿನಿಂದ ನೋಟುಬುಕ್ಕು ತೆಗೆದಳು. "ಅಕ್ಕಾ, ಹಿಂದಿನ ಥರಾನೇ ಬರೀ ಹೊತ್ತು ಬರ್ಕೊಳ್ತೀನಿ, ಬೇರೇನಿಲ್ಲ. ಈ ಸಲ ಪೇಪರ್‌ಗೆ ಹೋಗಲ್ಲ, ಲೆಟರ್ ಇದೆ ನೋಡಿ" ಎಂದು ಅನುಮತಿ ಪತ್ರವನ್ನೂ ತೋರಿಸಿದಳು. ವಯಸ್ಸಾದ ಒಬ್ಬಾಕೆ ಮಾತ್ರ, "ಬೇಡ ಮಗಾ, ನೀನು ಒಳ್ಳೆ ಹುಡ್ಗೀನೇ. ಆದ್ರೂ ಬೇಡ" ಅಂದಳು. ಉಳಿದವರು ರಸ್ತೆಯ ಕಡೆ ನೋಡುತ್ತಿದ್ದರು.

ಆಗ ಖಾಸಗಿ ಬಸ್ಸು ಬಂತು. ಅದು ಆ ಸ್ಟಾಪಿನಲ್ಲಿ ಸರಿಯಾಗಿ ನಿಲ್ಲುವುದೂ ಇಲ್ಲವಂತೆ, ಇವರು ಹತ್ತುವುದಿಲ್ಲ ಎಂದು ಗೊತ್ತಿರುವುದರಿಂದ. ಮುಂದೆ ನಿಂತಿದ್ದವಳು ಕೈ ಅಡ್ಡ ಹಿಡಿದಳು. ಒಬ್ಬೊಬ್ಬರಾಗಿ ಹತ್ತತೊಡಗಿದರು. ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಏನ್ರಮ್ಮಾ ಇವತ್ತು, ಎಲ್ಲಾ ನಮ್ ಗಾಡಿಗೇ? ಇದ್ರಲ್ಲಿ ಟಿಕೆಟ್ ಐತೆ, ಗೊತ್ತಲ್ಲ?" ಎಂದು ನಗಾಡಿದ. ವಯಸ್ಸಾದಾಕೆ ಕೊನೆಗೆ ಹತ್ತಿದಳು, ಮೊದಲ ಮೆಟ್ಟಿಲಲ್ಲೇ ಸೆರಗಿನ ಗಂಟು ಬಿಚ್ಚುತ್ತ. ಬಸ್ಸು ಹೊರಟಿತು. ತಗಡಿನ ಕೆಳಗೆ ನಾವಿಬ್ಬರೇ ಉಳಿದೆವು.

ಹುಡುಗಿ ಗಡಿಯಾರ ನೋಡಿಕೊಂಡಳು, ರೂಢಿಯಿಂದ ಪೆನ್ನಿನ ಕ್ಯಾಪು ತೆಗೆದಳು. ಆಮೇಲೆ ಅದನ್ನು ಮತ್ತೆ ಹಾಕಿದಳು.

"ಬರ್ಕೊಳ್ಳಲ್ವೇನೆ?" ಎಂದೆ.

"ಏನಂತ ಬರ್ಕೊಳ್ಳಲಿ ಮೇಡಂ? ನಮ್ಮಿಂದ ತಪ್ಪಿಸ್ಕೊಳ್ಳೋಕೆ ದುಡ್ಡು ಕೊಟ್ಟು ಹೋದ್ರು ಅಂತಾನಾ?"